ಸೇಬಲ್ ಎಂದು ಕೊಟ್ಟ ಕುಂಚ

ಮುರಳೀಕೃಷ್ಣ ಮೇಷ್ಟ್ರು ಶಿಷ್ಯರಿಗೆ ಕುಂಚ ಕೊಡುತ್ತಿದ್ದ ರೀತಿಯೇ ಬೇರೆ. ರಾಜಾಜಿನಗರದ ಅವರ ಮನೆಯ ಮಹಡಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮಿನಿಯೇಚರ್ ಚಿತ್ರಕಲೆಯ ತರಗತಿ ನಡೆಯುತ್ತಿತ್ತು. ಅಂಗೈಯಗಲದ ಕಾಗದದಲ್ಲಿ ಅರಮನೆ, ತೋಟ, ಆನೆ, ಆನೆಯ ಮೇಲೆ ಕೂತವನ ಕಿವಿಯ ಒಂಟಿ, ಎಲ್ಲವನ್ನೂ ಕೂದಲೆಳೆಯಂಥ ಗೆರೆಗಳಲ್ಲಿ ಬಿಡಿಸುವ ವಿದ್ಯೆ ಅದು. ಹೊಸಬರು ಅಂಗಡಿಯಲ್ಲಿ ಸಿಗುವ ಸಾಧಾರಣ ಬ್ರಷ್ಷಿನಲ್ಲೇ ತಿಂಗಳುಗಟ್ಟಲೆ ಗೆರೆ ತಿದ್ದಬೇಕು. ಇವರ ಕೈ ಪಳಗಿತು ಎಂದು ಮೇಷ್ಟ್ರಿಗೆ ಅನ್ನಿಸಿದ ದಿನ ಅವರು ಒಳಗೆ ಹೋಗಿ, ಬಿಳಿ ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಕುಂಚವನ್ನು ತಂದು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು.

"ಸೇಬಲ್ ಕೂದಲು. ರಷ್ಯಾ ಕಡೆಯ ಪ್ರಾಣಿ. ಇಲ್ಲಿ ಯಾವ ಅಂಗಡೀಲೂ ಸಿಗಲ್ಲ. ಮಗು ಥರ ನೋಡ್ಕೊಳ್ಳಿ," ಎನ್ನುತ್ತಿದ್ದರು. ಪಡೆದವರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಸೌಮ್ಯಶ್ರೀಯೂ ಮಾಡಿದ್ದಳು. ಈಗ ಆ ನಮಸ್ಕಾರ ನೆನಪಾದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಸೌಮ್ಯಶ್ರೀ ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆಯಿಂದ ಸಂಜೆಯವರೆಗೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಊರವರ ರಕ್ತ ನೋಡುವ ಕೆಲಸ. ಮದುವೆಯಾಗಿ ಬಂದದ್ದು ಹೇರೋಹಳ್ಳಿಯ ಬೇಸಾಯದ ಮನೆಗೆ. ರಾಗಿ ಬೆಳೆಯುತ್ತಿದ್ದ ಆ ಹೊಲದಲ್ಲಿ ಈಗ ಅವಳ ಗಂಡ ಮೋಹನ್ ಕುಮಾರನ ಟೈಲ್ಸ್ ಅಂಗಡಿ ಇದೆ. ಅತ್ತೆ ಬೋರಮ್ಮನನ್ನೂ ಕರೆದುಕೊಂಡು ಅವರು ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಮನೆ ಮಾಡಿಕೊಂಡಿದ್ದಾರೆ. ದಿನವಿಡೀ ಬೇರೆಯವರ ಕಾಯಿಲೆಯನ್ನೇ ನೋಡಿ ಬೇಸತ್ತ ಕಣ್ಣಿಗೆ ತನಗಿಷ್ಟವಾದ ಏನನ್ನಾದರೂ ತೋರಿಸಬೇಕು ಎಂದು ಅವಳು ಮೇಷ್ಟ್ರ ತರಗತಿಗೆ ಸೇರಿದ್ದಳು. ಸೇರಿದ ಮೇಲೆ ಒಂದು ಶನಿವಾರವನ್ನೂ ತಪ್ಪಿಸಿದವಳಲ್ಲ. ಮೇಷ್ಟ್ರು ಹೇಳಿದ್ದೇ ಅವಳಿಗೆ ವೇದ. ಬಣ್ಣ ಹೀಗೆ ಅರೆಯಬೇಕು ಎಂದರೆ ಹಾಗೇ, ಉಸಿರು ಹಿಡಿದು ಗೆರೆ ಎಳೆಯಬೇಕು ಎಂದರೆ ಹಾಗೇ.

ತರಗತಿಯವರ ಆ ವರ್ಷದ ಪ್ರದರ್ಶನಕ್ಕೆ ಅವಳು ಆರಿಸಿಕೊಂಡದ್ದು ತನ್ನ ಮನೆ ಹತ್ತಿರದ ಕೆರೆಯನ್ನು. ಬೆಳಗಿನ ವಾಕಿಂಗಿನವರು, ಬೆಳ್ಳಕ್ಕಿಗಳು, ಒಡೆದ ಕಟ್ಟಡದ ಇಟ್ಟಿಗೆ ಚೂರನ್ನು ಯಾರೋ ತಂದು ಸುರಿದ ಗುಡ್ಡೆ, ಆ ಗುಡ್ಡೆಯ ಮೇಲೆ ಹಿಂಗಾಲಲ್ಲಿ ಎದ್ದು ನಿಂತು ಆಚೀಚೆ ನೋಡುವ ಒಂದು ಮುಂಗುಸಿ. ಅದು ನಿಜಕ್ಕೂ ಅಲ್ಲಿತ್ತು. ವಾಕಿಂಗ್ ಹೋದಾಗಲೆಲ್ಲ ಅವಳು ಅದನ್ನು ಹುಡುಕುತ್ತಿದ್ದಳು, ಅದೂ ಅವಳನ್ನು ಕಂಡರೆ ಓಡಿಹೋಗುವಷ್ಟು ಹೆದರುತ್ತಿರಲಿಲ್ಲ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದುಕೊಂಡಿದ್ದಳು. ದೂರದಿಂದ ಬೂದಿ ಬಣ್ಣ ಅನ್ನಿಸುವ ಅದರ ಮೈಯನ್ನು ಫೋಟೋದಲ್ಲಿ ದೊಡ್ಡದು ಮಾಡಿ ನೋಡಿದರೆ ಬೇರೆಯೇ ಕಾಣುತ್ತಿತ್ತು. ಒಂದೊಂದು ಕೂದಲಿಗೂ ಬುಡದಲ್ಲಿ ಕೆನೆಯ ಬಣ್ಣ, ನಡುವೆ ಕಡುಕಂದು, ತುದಿಯಲ್ಲಿ ಮತ್ತೆ ಕೆನೆ.

ಒಂದು ಭಾನುವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು, ಕೆನೆ, ಕಂದು ಎರಡೂ ಬಣ್ಣ ಕಲಸಿಕೊಂಡು, ಸ್ಟ್ಯಾಂಡಿಗೆ ಸಿಕ್ಕಿಸಿದ ಭೂತಗನ್ನಡಿಯ ಕೆಳಗೆ ಮುಂಗುಸಿಯ ಬೆನ್ನಿನ ಕೂದಲನ್ನು ಒಂದೊಂದಾಗಿ ಬರೆಯತೊಡಗಿದಳು. ಕಂದು ಮುಗಿಸಿ ಕೆನೆಗೆ ಹೋಗುವ ಮೊದಲು ಕುಂಚವನ್ನು ತೊಳೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಶುದ್ಧವಾಯಿತೇ ಎಂದು ನೋಡಲು ಗಾಜಿನ ಕೆಳಗೆ ಹಿಡಿದಳು. ಕುಂಚದ ನಡುವೆ ಕಡುಕಂದು ಪಟ್ಟಿ ಉಳಿದಿತ್ತು. ಬಣ್ಣ ಹೋಗಿಲ್ಲ ಎಂದುಕೊಂಡು ಮತ್ತೆ ತೊಳೆದಳು. ಸೋಪು ಹಚ್ಚಿ ತೊಳೆದಳು. ಪಟ್ಟಿ ಹೋಗಲಿಲ್ಲ. ತುದಿಯಲ್ಲಿ ಕೆನೆ, ನಡುವೆ ಕಂದು, ಕೂದಲನ್ನು ಹಿಡಿಗೆ ಬಿಗಿಯುವ ತಗಡಿನ ಕೊಳವೆಯ ಹತ್ತಿರ ಮತ್ತೆ ಕೆನೆ. ಪಕ್ಕದಲ್ಲಿದ್ದ ಮೊಬೈಲಿನ ಫೋಟೋ ನೋಡಿದಳು, ಕುಂಚ ನೋಡಿದಳು. ಇಷ್ಟು ಕಾಲ ಅದನ್ನು ದಿನಾ ತೊಳೆದಿದ್ದಾಳೆ, ತುಟಿಯಲ್ಲಿ ಚೂಪು ಮಾಡಿದ್ದಾಳೆ, ಆದರೆ ಹೀಗೆ ನೋಡಿರಲಿಲ್ಲ. ನೋಡುವ ಕಾರಣವೇ ಇರಲಿಲ್ಲ, ಮೇಷ್ಟ್ರು ಸೇಬಲ್ ಎಂದಿದ್ದರಲ್ಲ.

ಮಾರನೇ ದಿನ ಲ್ಯಾಬಿನಲ್ಲಿ ಕುಂಚದಿಂದ ಒಂದು ಕೂದಲು ಕಿತ್ತು ಸ್ಲೈಡಿನ ಮೇಲಿಟ್ಟು ನೋಡಿದಳು. ಹೊರಗಿನಿಂದ ಹಚ್ಚಿದ ಬಣ್ಣವಲ್ಲ ಅದು, ಕೂದಲಿನೊಳಗೇ ಹುಟ್ಟಿದ ಬಣ್ಣ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಮೊಬೈಲಿನಲ್ಲಿ ಓದುತ್ತಾ ಕೂತಳು. ಸೇಬಲ್ ಕೂದಲು ಬುಡದಿಂದ ತುದಿಯವರೆಗೆ ಕೆಂಪು ಮಿಶ್ರಿತ ಒಂದೇ ಕಂದು. ಪಟ್ಟಿ ಪಟ್ಟಿಯಾಗಿ ಇರುವುದು ಮುಂಗುಸಿಯದ್ದು. ಉರುಳು ಹಾಕಿ ಹಿಡಿಯುತ್ತಾರೆ, ಹೊಡೆದು ಸಾಯಿಸುತ್ತಾರೆ, ಕೂದಲು ಕಿತ್ತುಕೊಳ್ಳುತ್ತಾರೆ. ಒಂದು ಪ್ರಾಣಿಯಿಂದ ಕುಂಚಕ್ಕೆ ಒದಗುವ ಕೂದಲು ಒಂದು ಹಿಡಿಯಷ್ಟೂ ಸಿಗುವುದಿಲ್ಲ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ.

ಓದಿ ಮುಗಿಸಿದಾಗ ಅವಳಿಗೆ ಅಳು ಬರುತ್ತದೆ ಅನ್ನಿಸಿತು. ಬರಲಿಲ್ಲ. ಸಿಟ್ಟು ಬಂತು. ಕೆರೆಯ ದಂಡೆಯಲ್ಲಿ ನನ್ನನ್ನು ನಂಬಿ ನಿಂತ ಪ್ರಾಣಿಯ ಕೂದಲನ್ನು ಅದೇ ಜಾತಿಯ ಇನ್ನೊಂದರ ಕೂದಲಿನಿಂದ ನಾನು ಬರೆಯುತ್ತಾ ಕೂತಿದ್ದೆ. ಯಾರಾದರೂ ಮೊದಲೇ ಹೇಳಿದ್ದರೆ ಅದನ್ನು ಮುಟ್ಟುತ್ತಿದ್ದೆನೇ? ಹೇಳಬೇಕಾದವರು ಹೇಳಲಿಲ್ಲ. ಹೇಳದೆ ಸುಮ್ಮನಿದ್ದರೆ ಅದೊಂದು ಮಾತು, ಬಾಯಿ ತುಂಬ ಸುಳ್ಳು ಹೇಳಿ, ಮೇಲೆ ನಮಸ್ಕಾರವನ್ನೂ ಮಾಡಿಸಿಕೊಂಡರಲ್ಲ.

ಆದರೂ ಅವಳು ಎಲ್ಲರೆದುರು ಕೇಳಬಾರದು ಎಂದುಕೊಂಡಳು. ದೊಡ್ಡವರು, ಕಲಿಸಿದವರು. ಅವರಿಗೂ ಯಾರೋ ಮೋಸ ಮಾಡಿರಬಹುದು. ಬುಧವಾರ ಕೆಲಸ ಮುಗಿಸಿ ಒಬ್ಬಳೇ ಅವರ ಮನೆಗೆ ಹೋದಳು. ಮೇಷ್ಟ್ರು ಮಹಡಿಯಲ್ಲಿ ಒಬ್ಬರೇ ಕೂತು ಒಂದು ಆನೆಯ ಸೊಂಡಿಲಿಗೆ ಸುಕ್ಕು ಬರೆಯುತ್ತಿದ್ದರು.

"ಸಾರ್, ನೀವು ಕೊಟ್ಟ ಕುಂಚ ಸೇಬಲ್ ಅಲ್ಲ. ಮುಂಗುಸಿ ಕೂದಲು," ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಯಾರು ಹೇಳಿದ್ರು?" ಎಂದು ಕೇಳಿದರು.

ಹೌದಾ ಎಂದು ಕೇಳಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದರು. ಅವರಿಗೆ ಗೊತ್ತಿತ್ತು ಎಂಬುದು ಸೌಮ್ಯಶ್ರೀಗೆ ಅಲ್ಲಿಗೇ ತಿಳಿದುಹೋಯಿತು.

"ಯಾರೂ ಹೇಳ್ಬೇಕಾಗಿಲ್ಲ ಸಾರ್. ನಾನೇ ಮೈಕ್ರೋಸ್ಕೋಪಲ್ಲಿ ನೋಡ್ದೆ."

"ಸೇಬಲ್‌ನಲ್ಲೂ ನಾಲ್ಕಾರು ಜಾತಿ ಇರ್ತಾವೆ."

"ಇರಬಹುದು. ಇದು ಅದ್ಯಾವುದೂ ಅಲ್ಲ."

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮಗುವಿಗೆ ಸಮಾಧಾನ ಹೇಳುವ ಹಾಗೆ, "ಆಯ್ತು, ಮುಂಗುಸೀದೇ ಅಂತಿಟ್ಕೊಳ್ಳಿ. ಪ್ರಾಣಿಗಳು ಕೂದಲು ಉದುರಿಸ್ತಾವೆ ಸೌಮ್ಯಶ್ರೀ. ಬೇಲಿ, ಪೊದೆ ಅಂತ ಸಿಕ್ಕಿಕೊಂಡಿರುತ್ತೆ. ಆಯ್ಕೊಂಡು ಬಂದು ಮಾಡ್ತಾರೆ," ಎಂದರು.

"ಬೇಲೀಲಿ ಸಿಕ್ಕಿದ ಕೂದಲು ಎಲ್ಲ ಒಂದೇ ಉದ್ದ, ಬುಡ ಎಲ್ಲ ಒಂದೇ ಕಡೆ ಇರೋ ಹಾಗೆ ಸಿಗುತ್ತಾ ಸಾರ್? ಹಿಡಿದು ಕೊಂದು ಕಿತ್ತುಕೊಳ್ತಾರೆ. ನಿಮಗೆ ಗೊತ್ತು."

ಆಗ ಮೇಷ್ಟ್ರ ಮುಖ ಬಿಗಿಯಿತು. "ಕೊಲ್ಲೋ ಮಾತು ನೀವು ಆಡ್ಬೇಕಾ? ನಿಮ್ಮ ಮನೇಲಿ ಕೋಳಿ, ಕುರಿ ಮಾಡಲ್ವಾ?"

ಸೌಮ್ಯಶ್ರೀಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ದಿನ ಈ ಮನೆಯಲ್ಲಿ ಕೂತು, ಇವರು ಕೊಟ್ಟ ಕಾಫಿ ಕುಡಿದು, ಇವರ ಮನಸ್ಸಿನಲ್ಲಿ ಈ ಲೆಕ್ಕ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ದನಿ ಏರಲಿಲ್ಲ.

"ಮಾಡ್ತೀವಿ ಸಾರ್. ಕೋಳೀನ ಕೋಳಿ ಅಂತಲೇ ಬಡಿಸ್ತೀವಿ. ಹೂಕೋಸು ಅಂತ ಹೇಳಿ ಬಡಿಸಲ್ಲ. ಕುಂಚದಲ್ಲಿ ತಪ್ಪೇನೂ ಇಲ್ಲ ಅಂದ್ಮೇಲೆ ನೀವ್ಯಾಕೆ ಸೇಬಲ್ ಅಂತ ಹೇಳಿದ್ರಿ?"

ಮೇಷ್ಟ್ರು ಮುಂದೆ ಇದ್ದ ಆನೆಯ ಚಿತ್ರವನ್ನು ಅವಳ ಕಡೆ ತಿರುಗಿಸಿದರು. "ಈ ಗೆರೆ ನೋಡಿ. ನನ್ನ ಗುರುಗಳು ನನಗೆ ಕೊಟ್ಟಿದ್ದು ಇದೇ ಕುಂಚ, ಅವರಿಗೆ ಅವರ ಗುರುಗಳು ಕೊಟ್ಟಿದ್ದೂ ಇದೇ. ಇದಿಲ್ಲದೆ ಮಿನಿಯೇಚರ್ ಇಲ್ಲ. ನೈಲಾನ್ ಬ್ರಷ್ಷಲ್ಲಿ ಗೋಡೆಗೆ ಸುಣ್ಣ ಹೊಡೀಬಹುದು. ನೀವು ವಾರಕ್ಕೊಂದು ದಿನ ಹವ್ಯಾಸಕ್ಕೆ ಅಂತ ಬರೋರು. ಜೀವನ ಇದಕ್ಕೆ ಕೊಟ್ಟವನ ಕಷ್ಟ ನಿಮಗೆ ಅರ್ಥ ಆಗಲ್ಲ."

"ಶನಿವಾರ ಎಲ್ಲರಿಗೂ ನೀವೇ ಹೇಳಿಬಿಡಿ ಸಾರ್. ನೀವು ಹೇಳಿದ್ರೆ ಚೆನ್ನಾಗಿರುತ್ತೆ. ಹೇಳದೆ ಇದ್ರೆ ನಾನು ಹೇಳ್ತೀನಿ," ಎಂದು ಅವಳು ಮೆಟ್ಟಿಲು ಇಳಿದಳು. ಹವ್ಯಾಸ ಎನ್ನುವ ಪದ ಬಸ್ಸಿನಲ್ಲೂ ಅವಳನ್ನು ಬಿಡಲಿಲ್ಲ. ಕೆಲಸ, ಅಡಿಗೆ, ಅತ್ತೆಯ ಮಾತ್ರೆ ಎಲ್ಲ ಮುಗಿಸಿ, ಕಣ್ಣು ಉರಿಯುತ್ತಿದ್ದರೂ ಕೂತು ಗೆರೆ ತಿದ್ದಿದ್ದು ಇವರ ಬಾಯಲ್ಲಿ ಹವ್ಯಾಸ.

ನೈಲಾನಿನಲ್ಲಿ ಆಗುವುದಿಲ್ಲವೇ? ನೋಡೇಬಿಡೋಣ ಎಂದು ಮರುದಿನ ಲ್ಯಾಬಿನಿಂದ ನೇರವಾಗಿ ವಿಜಯನಗರಕ್ಕೆ ಹೋದಳು. ಅಲ್ಲಿ ತಮ್ಮಣ್ಣ ಎಂಬುವರು ಪುಸ್ತಕ, ಪೆನ್ನಿನ ಜೊತೆಗೆ ಚಿತ್ರದ ಸಾಮಾನನ್ನೂ ಮಾರುತ್ತಿದ್ದರು. ಸಣ್ಣ ಕೆಲಸಕ್ಕೆ ಬ್ರಷ್ ಬೇಕು ಎಂದಳು. ಅವರು ಒಂದು ರಾಶಿ ತಂದು ಸುರಿದರು. ಅದರಲ್ಲಿ ಒಂದು ಬ್ರಷ್ಷಿನ ಹಿಡಿಯ ಮೇಲೆ ಚಿನ್ನದ ಅಕ್ಷರದಲ್ಲಿ ಒರಿಜಿನಲ್ ಸೇಬಲ್ ಎಂದು ಅಚ್ಚು ಹಾಕಿತ್ತು. ಪರ್ಸಿನಲ್ಲಿದ್ದ ಭೂತಗನ್ನಡಿ ತೆಗೆದು ನೋಡಿದಳು. ಕಂದು ಬಣ್ಣ ಹಾಕಿದ ನೈಲಾನ್. ಅವಳಿಗೆ ನಗು ಬರಬೇಕಿತ್ತು. ಮುಂಗುಸಿಗೂ ಸೇಬಲ್ ಎನ್ನುತ್ತಾರೆ, ಪ್ಲಾಸ್ಟಿಕ್ಕಿಗೂ ಸೇಬಲ್ ಎನ್ನುತ್ತಾರೆ. ಇದ್ದದ್ದನ್ನು ಇದ್ದ ಹೆಸರಿನಲ್ಲಿ ಮಾರಲು ಈ ಊರಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲವೇ?

"ಅಣ್ಣ, ಇದು ಸೇಬಲ್ ಅಲ್ಲ."

"ಕಂಪನಿಯವರು ಹಾಕಿರ್ತಾರೆ ಮೇಡಂ, ನಮಗೇನು ಗೊತ್ತಾಗುತ್ತೆ."

"ಸ್ವಲ್ಪ ನೀರು ಕೊಡಿ. ಅದ್ದಿ ನೋಡ್ತೀನಿ."

"ಅದ್ದಿದ್ರೆ ಆಮೇಲೆ ಯಾರು ತಗೋತಾರೆ? ಹಂಗೇ ನೋಡಿ, ತುದಿ ಎಷ್ಟು ಚೂಪಿದೆ."

"ಅಂಟು ಹಾಕಿ ಒಣಗಿಸಿರ್ತಾರೆ ಅಣ್ಣ. ಹೊಸದ್ರಲ್ಲಿ ಎಲ್ಲ ಬ್ರಷ್ಷೂ ಸೂಜಿ ಥರಾನೇ ಇರುತ್ತೆ. ಅಂಟು ಬಿಟ್ಮೇಲೆ ಪೊರಕೆ ಆಗುತ್ತೋ ಸೂಜಿಯಾಗೇ ಇರುತ್ತೋ ಅಂತ ನೀರಲ್ಲೇ ತಿಳಿಯೋದು. ಚಪ್ಪಲಿ ಹಾಕ್ಕೊಂಡು ನೋಡಿ ತಗೊಳ್ಳಲ್ವಾ? ಇದಕ್ಕೆ ಮಾತ್ರ ಯಾಕೆ ಕಣ್ಣುಮುಚ್ಚಿ ತಗೋಬೇಕು?"

ತಮ್ಮಣ್ಣ ಅವಳ ಮುಖ ನೋಡಿ, ಇವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ ಅನ್ನಿಸಿ, ತಾವು ಕುಡಿಯುತ್ತಿದ್ದ ನೀರಿನ ಲೋಟವನ್ನೇ ಮುಂದೆ ಸರಿಸಿದರು. ಅವಳು ಒಂದೊಂದನ್ನೇ ಅದ್ದಿ, ಬೆರಳಲ್ಲಿ ಮೆಲ್ಲಗೆ ಅಂಟು ಬಿಡಿಸಿ, ಮಣಿಕಟ್ಟಿನಿಂದ ಒಮ್ಮೆ ಜಾಡಿಸಿ ಗಾಜಿನ ಕೆಳಗೆ ಹಿಡಿದಳು. ಕೆಲವದರ ತುದಿ ಎರಡಾಗಿ ಸೀಳಿತು. ಕೆಲವದರಲ್ಲಿ ಒಂದು ಕೂದಲು ಪುಂಡನ ಹಾಗೆ ಹೊರಗೆ ಚಾಚಿಕೊಂಡಿತ್ತು. ಉಗುರಿನ ಮೇಲೆ ಒತ್ತಿ ಬಿಟ್ಟರೆ ಕೆಲವು ಬಾಗಿದವು ಬಾಗಿದಂತೆಯೇ ಉಳಿದವು. ಒತ್ತಿ ಬಿಟ್ಟ ತಕ್ಷಣ ನೆಟ್ಟಗಾಗಿ, ಎಲ್ಲ ಕೂದಲೂ ಒಂದೇ ಬಿಂದುವಿಗೆ ಬಂದು ಸೇರಿದ್ದು ನಾಲ್ಕೇ ನಾಲ್ಕು. ಅವುಗಳಲ್ಲಿ ಎರಡು ತೀರ ಸಣ್ಣವು, ಎರಡು ಸ್ವಲ್ಪ ದಪ್ಪ. ನಾಲ್ಕನ್ನೂ ತಂದಳು.

ಮನೆಗೆ ಬಂದು ಕೂತಾಗ ಮೊದಲು ತೀರ ಸಣ್ಣದನ್ನೇ ಹಿಡಿದಳು. ಸಣ್ಣ ಗೆರೆಗೆ ಸಣ್ಣ ಬ್ರಷ್ ಎಂದು ಮೇಷ್ಟ್ರು ಸದಾ ಹೇಳುತ್ತಿದ್ದರು. ಆದರೆ ಆ ಬ್ರಷ್ ಹಿಡಿಯುವ ಬಣ್ಣ ಎಷ್ಟು ಕಡಿಮೆಯೆಂದರೆ ಕಾಗದ ಮುಟ್ಟುವಷ್ಟರಲ್ಲಿ ಒಣಗಿಹೋಗುತ್ತಿತ್ತು. ಗೆರೆ ಅರ್ಧಕ್ಕೇ ಕಡಿಯುತ್ತಿತ್ತು. ಮೇಷ್ಟ್ರು ಹೇಳಿದ್ದೇ ನಿಜವೇನೋ ಎಂದು ಒಂದು ಗಳಿಗೆ ಅವಳಿಗೆ ಅಳುಕಾಯಿತು. ಆಮೇಲೆ ದಪ್ಪದ್ದನ್ನು ತೆಗೆದುಕೊಂಡಳು. ಅದರ ಹೊಟ್ಟೆ ತುಂಬ ಬಣ್ಣ ಕುಡಿಸಿ, ಹೆಚ್ಚಾದದ್ದನ್ನು ಬಟ್ಟೆಗೆ ತಾಗಿಸಿ, ತುದಿಯನ್ನಷ್ಟೇ ಕಾಗದಕ್ಕೆ ಮುಟ್ಟಿಸಿ ಎಳೆದಳು. ಬಣ್ಣ ಹೊಟ್ಟೆಯಿಂದ ತುದಿಗೆ ಇಳಿಯುತ್ತಾ ಬಂತು. ಗೆರೆ ತುಂಡಾಗಲಿಲ್ಲ. ಮೊದಲಿನಷ್ಟು ಮೃದುವಾಗಿರಲಿಲ್ಲ, ನಿಜ. ತಿರುವಿನಲ್ಲಿ ಸ್ವಲ್ಪ ಗಡುಸಾಗುತ್ತಿತ್ತು. ಆದರೆ ಗೋಡೆಗೆ ಸುಣ್ಣ ಹೊಡೆದ ಹಾಗಂತೂ ಇರಲಿಲ್ಲ. ಇಷ್ಟು ವರ್ಷ ಇದನ್ನೊಂದು ಸಲ ಪ್ರಯತ್ನ ಮಾಡಿ ನೋಡಲೂ ಆ ಮನುಷ್ಯನಿಗೆ ಮನಸ್ಸಾಗಲಿಲ್ಲ ಎಂದು ಅವಳ ಸಿಟ್ಟು ಇನ್ನೊಂದು ಸುತ್ತು ಏರಿತು.

ಶನಿವಾರ ಮೇಷ್ಟ್ರು ಏನೂ ಆಗದವರಂತೆ ಬಂದು ಕೂತು ಪಾಠ ಶುರು ಮಾಡಿದರು. ಅವತ್ತು ಸ್ಮೃತಿ ಎಂಬ ಕಾಲೇಜು ಹುಡುಗಿಗೆ ಕುಂಚ ಕೊಡುವ ದಿನ. ಕಾಫಿ ಮುಗಿದ ಮೇಲೆ ಅವರು ಒಳಗಿನಿಂದ ಬಿಳಿ ಕಾಗದದ ಸುರುಳಿ ತಂದು ಎರಡೂ ಕೈಯಲ್ಲಿ ಹಿಡಿದು, "ಸೇಬಲ್," ಎಂದು ಆರಂಭಿಸಿದರು. ಸೌಮ್ಯಶ್ರೀಯ ಕಡೆ ಒಮ್ಮೆ ನೋಡಿಯೇ ಹಾಗೆಂದರು.

ಅವಳು ಎದ್ದು ನಿಂತಳು. ಹುಡುಗಿಯ ಕೈ ಇನ್ನೂ ಚಾಚಿಕೊಂಡೇ ಇತ್ತು.

"ಅದು ಸೇಬಲ್ ಅಲ್ಲ ಸ್ಮೃತಿ. ಮುಂಗುಸಿಯನ್ನ ಕೊಂದು ಕಿತ್ತ ಕೂದಲು. ನಮ್ಮೆಲ್ಲರ ಹತ್ರಾನೂ ಇರೋದು ಅದೇ. ಬುಧವಾರ ಬಂದು ಸಾರ್‌ಗೆ ಹೇಳಿದೀನಿ. ಇದನ್ನ ಇಟ್ಕೊಳ್ಳೋದೇ ಅಪರಾಧ." ಅವಳು ಭೂತಗನ್ನಡಿಯನ್ನೂ ತನ್ನ ಕುಂಚವನ್ನೂ ಪಕ್ಕದಲ್ಲಿದ್ದ ಗೋಪೀನಾಥರ ಕೈಗೆ ಕೊಟ್ಟಳು. ಗೋಪೀನಾಥರು ನಿವೃತ್ತ ಪ್ರೊಫೆಸರು, ತರಗತಿಯಲ್ಲಿ ಎಲ್ಲರಿಗಿಂತ ಹಳಬರು, ಅವಳ ಕೆರೆಯ ಚಿತ್ರವನ್ನು ಮನಸಾರೆ ಹೊಗಳಿದ್ದವರು. ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಹುಬ್ಬು ಗಂಟಾಯಿತು. ಆಮೇಲೆ ಒಂದು ಮಾತೂ ಆಡದೆ ಮುಂದಿನವರ ಕೈಗೆ ದಾಟಿಸಿದರು.

ಗಾಜು ಕೈಯಿಂದ ಕೈಗೆ ಹೋಯಿತು. ಎಲ್ಲರೂ ನೋಡಿದರು. ಕೊನೆಗೆ ನಂದಿನಿ ಲೇಔಟಿನಿಂದ ಬರುತ್ತಿದ್ದ ಒಬ್ಬ ಹೆಂಗಸು ಮೆಲ್ಲಗೆ, "ಆಗ್ಲೇ ಸತ್ತುಹೋಗಿದೆಯಲ್ಲ ಸೌಮ್ಯ. ಈಗ ಎಸೆದ್ರೆ ಅದು ಸತ್ತಿದ್ದೂ ವ್ಯರ್ಥ ಅಲ್ವಾ?" ಎಂದರು.

"ಇದು ಸತ್ತಿದೆ. ಸ್ಮೃತಿಗೆ ಕೊಡ್ತಿರೋದೂ ಸತ್ತಿದೆ. ಮುಂದಿನ ವರ್ಷ ಬರೋರಿಗೆ ಕೊಡೋದು ಯಾವುದು? ಅದು ಈಗ ಎಲ್ಲೋ ಬದುಕಿ ಓಡಾಡ್ಕೊಂಡಿದೆ."

ಮೇಷ್ಟ್ರು ಸುರುಳಿಯನ್ನು ಮೇಜಿನ ಮೇಲಿಟ್ಟರು. "ನನ್ನ ಮನೆಯಲ್ಲಿ ನನ್ನನ್ನ ವಿಚಾರಣೆ ಮಾಡೋದು ಬೇಡ. ಇಷ್ಟ ಇಲ್ಲದೋರು ಹೋಗಬಹುದು. ಇರೋರು ಇರಬಹುದು."

ಸೌಮ್ಯಶ್ರೀ ತನ್ನ ಕುಂಚ, ಭೂತಗನ್ನಡಿ, ಬಣ್ಣದ ಡಬ್ಬಿ ಎತ್ತಿಕೊಂಡಳು. ಚಪ್ಪಲಿ ಹಾಕಿಕೊಳ್ಳುವಾಗ ಯಾರಾದರೂ ಹಿಂದೆ ಬರುತ್ತಾರೇನೋ ಎಂದು ಬೇಕೆಂದೇ ನಿಧಾನ ಮಾಡಿದಳು. ಯಾರೂ ಬರಲಿಲ್ಲ. ಮೇಲೆ ಮೇಷ್ಟ್ರು ಎಲೆಗಳನ್ನು ಹೇಗೆ ಬಿಡಿಸಬೇಕೆಂದು ಹೇಳುವುದು ಕೇಳಿಸಿತು.

ಮನೆಯಲ್ಲಿ ಗಂಡ ಕೇಳಿಸಿಕೊಂಡು, "ಹೇಳೋದು ಹೇಳಿ ಬಂದ್ಯಲ್ಲ, ಬಿಡು ಸೌಮ್ಯ. ಇನ್ನು ಬೇರೆ ಕಡೆ ಕಲ್ತ್ಕೊಂಡ್ರಾಯ್ತು," ಎಂದ. ಮೋಹನ್ ಕುಮಾರ ಕೆಟ್ಟವನಲ್ಲ. ಜಗಳ ಎಂದರೆ ಅವನಿಗೆ ಆಗುವುದಿಲ್ಲ ಅಷ್ಟೆ.

"ಬಿಟ್ರೆ ಏನಾಗುತ್ತೆ ರೀ? ಮುಂದಿನ ಶನಿವಾರ ಆ ಹುಡುಗಿ ಕಾಲಿಗೆ ಬೀಳ್ತಾಳೆ, ಆ ಕಾಗದ ಬಿಚ್ತಾಳೆ. ನಾನು ಕೂಗಾಡಿ ಬಂದಿದ್ದು ಅವರಿಗೆಲ್ಲ ಒಂದು ಕಾಫಿ ಟೈಮಿನ ಮಾತಾಗುತ್ತೆ."

ಸೊಪ್ಪು ಬಿಡಿಸುತ್ತಾ ಕೂತಿದ್ದ ಬೋರಮ್ಮ ತಲೆಯೆತ್ತಿದಳು. "ಮುಂಗ್ಸೀನಾ? ನಮ್ಮೊಲದ ಬದೀಲಿ ಬಿಲ ಮಾಡ್ಕಂಡು ಮರಿ ಹಾಕ್ತಿತ್ತು ಕಣವ್ವ. ಸಾಲಾಗಿ ಅವ್ವನ ಬಾಲ ಹಿಡ್ಕಂಡಂಗೆ ಹೋಯ್ತಿದ್ವು ಮರಿಗಳು. ನಿಮ್ಮಾವ ನೇಗ್ಲು ನಿಲ್ಲಿಸ್ಬುಟ್ಟು ಅವು ದಾಟೋಗಂಟ ನಿಂತ್ಕಂತಿದ್ರು. ಅದನ್ನ ಒಡೆದು ಕೂದ್ಲು ಕಿತ್ತವನಿಗೆ ನೀನ್ಯಾಕೆ ಎದರ್ಕಬೇಕು? ಯಾರಿಗೆ ಹೇಳ್ಬೇಕೋ ಅವರಿಗೆ ಹೇಳು."

ಸೋಮವಾರ ಸೌಮ್ಯಶ್ರೀ ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಮೊದಲು ಎತ್ತಿದವರು ಅವಳಿಗೆ ಮುಂಗುಸಿ ಕಚ್ಚಿದೆ ಎಂದುಕೊಂಡು ಆಸ್ಪತ್ರೆಗೆ ಹೋಗಿ ಎಂದರು. ಎರಡನೆಯವರು ನಾಳೆ ಮಾಡಿ ಎಂದರು. ಅವಳು ನಾಳೆಯೂ ಮಾಡಿದಳು, ನಾಡಿದ್ದೂ ಮಾಡಿದಳು. ಹೆಸರು ಕೇಳಿದಾಗ ತನ್ನ ಹೆಸರನ್ನು ಮುಚ್ಚಿಡಲಿಲ್ಲ. ಕೊನೆಗೆ ಒಬ್ಬ ಅಧಿಕಾರಿ ಲ್ಯಾಬಿಗೇ ಬಂದು ಅವಳ ಹೇಳಿಕೆ ತೆಗೆದುಕೊಂಡು, ಅವಳ ಕುಂಚವನ್ನು ಒಂದು ಕವರಿಗೆ ಹಾಕಿ ಮುಚ್ಚಿದರು. ಅದಾದ ವಾರದೊಳಗೆ ಮೇಷ್ಟ್ರ ಮನೆಗೆ ಜೀಪು ಹೋಯಿತು. ಒಂದು ಡಬ್ಬಿ ತುಂಬ ಇದ್ದ ಕುಂಚಗಳನ್ನು ತೆಗೆದುಕೊಂಡು ಹೋದರು. ಅವರಿಗೆ ತಂದು ಕೊಡುತ್ತಿದ್ದವನ ಹೆಸರು, ಫೋನ್ ನಂಬರನ್ನು ಮೇಷ್ಟ್ರೇ ಹೇಳಿದರಂತೆ. ಅವನು ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಸಿಕ್ಕಿದ ಕೂದಲಿನ ಕಟ್ಟುಗಳ ವಿಷಯವನ್ನು ಅಧಿಕಾರಿ ಫೋನಿನಲ್ಲಿ ಹೇಳಿದರು.

ತರಗತಿಯ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದರು. ತೆಗೆಯುವ ಮೊದಲು ಬಂದ ಮಾತುಗಳನ್ನೆಲ್ಲ ಅವಳು ಓದಿದ್ದಳು. ವಯಸ್ಸಾದವರ ಮನೆಗೆ ಜೀಪು ಕಳಿಸಿದ ಪುಣ್ಯಾತ್ಗಿತ್ತಿ. ಕಲಿಸಿದ ಕೈಗೇ ಕಚ್ಚಿದವಳು. ಪ್ರದರ್ಶನದಲ್ಲಿ ಹೆಸರು ಮಾಡಬೇಕಂತ ಹೊಟ್ಟೆಕಿಚ್ಚು. ಒಬ್ಬರೂ ಮುಂಗುಸಿಯ ಮಾತು ಎತ್ತಿರಲಿಲ್ಲ. ಇಡೀ ಗುಂಪಿನಲ್ಲಿ ತಪ್ಪು ಮಾಡಿದವಳು ತಾನೊಬ್ಬಳೇ ಎಂಬಂತಿತ್ತು. ಪ್ರದರ್ಶನ ಅವಳಿಲ್ಲದೆ ನಡೆಯಿತು.

ಅದೆಲ್ಲ ಮುಗಿದ ಎಷ್ಟೋ ದಿನದ ಮೇಲೆ ಒಂದು ಭಾನುವಾರ ಗೋಪೀನಾಥರು ದಾರಿ ಕೇಳಿಕೊಂಡು ಅವಳ ಮನೆಗೆ ಬಂದರು. ಬೋರಮ್ಮ ನೀರು ಕೊಟ್ಟಳು. ಅವರು ಚೀಲದಿಂದ ಮೂರು ನಾಲ್ಕು ಹೊಸ ಬ್ರಷ್ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಹಳೆಯ ಕುಂಚವನ್ನು ಅರಣ್ಯ ಇಲಾಖೆಯ ಆಫೀಸಿಗೆ ಹೋಗಿ ಒಪ್ಪಿಸಿ ಬಂದೆ, ಮೇಷ್ಟ್ರು ಈಗ ಪಾಠ ನಿಲ್ಲಿಸಿದ್ದಾರೆ ಎಂದು ಹೇಳಿದರು.

"ಇವು ನನ್ನ ಮಾತು ಕೇಳ್ತಿಲ್ಲ ಸೌಮ್ಯಶ್ರೀ. ಗೆರೆ ಮಧ್ಯಕ್ಕೇ ಕಡಿಯುತ್ತೆ. ನೀವು ಹೇಗೆ ಮಾಡ್ತಿದೀರಾ, ಸ್ವಲ್ಪ ತೋರಿಸ್ತೀರಾ?"

ಸೌಮ್ಯಶ್ರೀ ಬ್ರಷ್ಷನ್ನು ಮುಟ್ಟಲಿಲ್ಲ.

"ತೋರಿಸ್ತೀನಿ ಸಾರ್. ಅದಕ್ಕೆ ಮೊದಲು ಒಂದು ಮಾತು. ಅವತ್ತು ಗಾಜು ಮೊದಲು ಸಿಕ್ಕಿದ್ದು ನಿಮ್ಮ ಕೈಗೆ. ನೀವು ನೋಡಿದ್ರಿ, ನಿಮಗೆ ಗೊತ್ತಾಯ್ತು, ನಿಮ್ಮ ಮುಖದಲ್ಲೇ ನನಗೆ ಕಾಣಿಸ್ತು. ಹೌದು ಅಂತ ಒಂದು ಮಾತು ನೀವು ಅಂದಿದ್ರೆ ಸಾಕಿತ್ತು. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇತ್ತು, ನನ್ನ ಮಾತಿಗೆ ಇರ್ಲಿಲ್ಲ. ಜೀಪು ಬರೋ ಅಷ್ಟು ದೂರಕ್ಕೆ ಹೋಗ್ತಾನೇ ಇರ್ಲಿಲ್ಲ. ಅಷ್ಟೆಲ್ಲ ಓದಿದೋರು, ಸುಮ್ಮನೆ ಪಕ್ಕದವರ ಕೈಗೆ ದಾಟಿಸಿಬಿಟ್ರಲ್ಲ. ಗುಂಪಲ್ಲಿ ಅವರೆಲ್ಲ ನನ್ನನ್ನ ಬಾಯಿಗೆ ಬಂದಂಗೆ ಅಂದಾಗಲೂ ನೀವು ಸುಮ್ಮನೇ ಇದ್ರಿ. ನನಗೆ ಮೇಷ್ಟ್ರ ಮೇಲಿರೋ ಸಿಟ್ಟು ಒಂದು ಥರ, ನಿಮ್ಮ ಮೇಲಿರೋದೇ ಇನ್ನೊಂದು ಥರ."

ಗೋಪೀನಾಥರು ತಲೆ ತಗ್ಗಿಸಿ ಕೂತಿದ್ದರು. ನೆಪ ಹೇಳಲಿಲ್ಲ. "ಹೌದು," ಎಂದರು. "ನಲವತ್ತು ವರ್ಷ ಪಾಠ ಹೇಳ್ದೋನು ನಾನು. ಮೇಷ್ಟ್ರ ಜಾಗದಲ್ಲಿ ನನ್ನನ್ನೇ ಕೂರಿಸ್ಕೊಂಡು ನೋಡ್ದೆ, ಹೆದರಿಕೆ ಆಯ್ತು," ಎಂದರು.

ಅವರ ಪಾಡಿಗೆ ಅದು ನಿಜವಾದ ಮಾತೇ ಇರಬಹುದು. ಸೌಮ್ಯಶ್ರೀಗೆ ಅದರಿಂದ ಸಿಟ್ಟು ಇಳಿಯಲಿಲ್ಲ. ಆದರೂ ಎದ್ದು ಹೋಗಿ ತನ್ನ ಬಣ್ಣದ ಡಬ್ಬಿ, ಒಂದು ಬಟ್ಟಲು ನೀರು ತಂದಳು. ಅವರು ತಂದಿದ್ದ ಬ್ರಷ್ಷುಗಳಲ್ಲಿ ತೀರ ಸಣ್ಣವನ್ನು ಪಕ್ಕಕ್ಕೆ ಸರಿಸಿದಳು.

"ಇವು ಬೇಡ. ಬಣ್ಣ ಒಣಗಿಹೋಗುತ್ತೆ. ದಪ್ಪದ್ದು ತಗೊಳ್ಳಿ. ಕೊಳವೆ ತನಕ ಬಣ್ಣ ಮುಳುಗಿಸ್ಬೇಡಿ, ಬುಡದಲ್ಲಿ ಬಣ್ಣ ಗಟ್ಟಿಯಾದ್ರೆ ತುದಿ ಬಿಚ್ಚಿಕೊಳ್ಳುತ್ತೆ. ಬಿಸಿನೀರಲ್ಲಿ ತೊಳೀಬೇಡಿ. ಎಷ್ಟೇ ಜೋಪಾನ ಮಾಡಿದ್ರೂ ಕೆಲವು ತಿಂಗಳಲ್ಲಿ ತುದಿ ಕೊಕ್ಕೆ ಥರ ಬಾಗುತ್ತೆ. ಆಗ ಅದನ್ನ ಅಗಲವಾದ ಜಾಗಕ್ಕೆ ಬಣ್ಣ ತುಂಬೋಕೆ ಇಟ್ಕೊಂಡು ಹೊಸದು ತರಬೇಕು. ಈ ಕಷ್ಟ ಇದ್ದೇ ಇದೆ, ಇಲ್ಲ ಅಂತ ನಾನು ಹೇಳಲ್ಲ."

ಗೋಪೀನಾಥರು ತಲೆಯಾಡಿಸಿ, ಕನ್ನಡಕ ಸರಿಮಾಡಿಕೊಂಡು, ಬಣ್ಣ ಅದ್ದಿ ಗೆರೆ ಎಳೆದರು. ಮೊದಲನೆಯದು ನಡುಗಿತು. ಎರಡನೆಯದು ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ ಕಡಿಯದೆ ಹೋಯಿತು. ಅವರು ಅವಳ ಮುಖ ನೋಡಿದರು.

"ಇನ್ನೂ ದಪ್ಪ ಆಯ್ತು ಸಾರ್," ಎಂದಳು ಸೌಮ್ಯಶ್ರೀ. "ಒತ್ತಬೇಡಿ. ಮತ್ತೆ ಎಳೀರಿ."

ಕೆರೆಯ ಚಿತ್ರವನ್ನು ಅವಳು ಆ ದಪ್ಪ ಬ್ರಷ್ಷಿನಲ್ಲೇ ಮುಗಿಸಿದಳು. ಮುಂಗುಸಿಯ ಬೆನ್ನಿನ ಮೇಲೆ ಹಳೆಯ ಕುಂಚ ಬರೆದ ಕೂದಲುಗಳನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ತೆಗೆದು, ಅಷ್ಟನ್ನೂ ಮೊದಲಿನಿಂದ ಬರೆದಳು. ಈಗ ಅದು ಲ್ಯಾಬಿನಲ್ಲಿ, ರಕ್ತ ಕೊಡಲು ಜನ ಕಾದು ಕೂರುವ ಕುರ್ಚಿಗಳ ಎದುರಿನ ಗೋಡೆಯ ಮೇಲಿದೆ. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಬಂದು ಕೂತವರು ಎದ್ದು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಅದನ್ನು ನೋಡುತ್ತಾರೆ. ಮೊನ್ನೆ ಒಬ್ಬರು ಇದೇನು ಅಳಿಲಾ ಎಂದು ಕೇಳಿದರು. ಸೌಮ್ಯಶ್ರೀ ಅವರ ತೋಳಿಗೆ ಕಟ್ಟುತ್ತಿದ್ದ ರಬ್ಬರ್ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಅದು ಮುಂಗುಸಿ, ನಮ್ಮ ಕೆರೆಯದು, ಸರಿಯಾಗಿ ನೋಡಿ ಎಂದಳು.